ಅನಿಲದಿಂದ ಓಡುವ ಹಡಗಿಗೆ ಹೋಗುವ ಮುನ್ನ

ಕೇಳುಗರಿಗೆ ನಮಸ್ಕಾರ.

ನಮ್ಮ ಕರಾವಳಿಯ ಎಷ್ಟೋ ಮನೆಗಳು ಹಡಗಿನ ಸಂಬಳದಿಂದ ನಡೆಯುತ್ತವೆ. ಹಡಗು ಎಂದರೆ ಡೀಸೆಲ್ ವಾಸನೆ ಎಂದು ತಿಳಿದವರಿಗೆ ಈಗ ಎಲ್‌ಎನ್‌ಜಿ, ಅಂದರೆ ತಣ್ಣಗಾಗಿಸಿ ದ್ರವ ಮಾಡಿದ ನೈಸರ್ಗಿಕ ಅನಿಲ, ಎದುರಾಗಿದೆ. 2000ರಲ್ಲಿ ನಾರ್ವೆಯ ಗ್ಲುಟ್ರಾ ಫೆರಿ ಈ ಇಂಧನದಿಂದ ಓಡತೊಡಗಿತು. ಇಂತಹ ಹಡಗುಗಳಿಗೆಂದೇ ರೂಪಿಸಿದ ಅಂತರರಾಷ್ಟ್ರೀಯ ಸುರಕ್ಷತಾ ನಿಯಮಾವಳಿ, ಐಜಿಎಫ್ ಸಂಹಿತೆ, 2017ರ ಜನವರಿ 1ರಂದು ಜಾರಿಗೆ ಬಂತು.

ತೈಲದಿಂದ ಓಡುವ ಹಡಗಿನಲ್ಲಿ ಪಳಗಿದವರಿಗೇ ಇಲ್ಲಿ ಹೆಚ್ಚು ಎಚ್ಚರ ಬೇಕು ಎನ್ನುತ್ತೇನೆ ನಾನು. ಈ ದ್ರವ ಮೈನಸ್ 162 ಡಿಗ್ರಿಯಷ್ಟು ತಣ್ಣಗಿರುತ್ತದೆ. ಮಾಮೂಲಿ ಉಕ್ಕಿನ ಡೆಕ್ ಮೇಲೆ ಚೆಲ್ಲಿದರೆ ಉಕ್ಕೇ ಬಿರುಕು ಬಿಡಬಹುದು. ಅದಕ್ಕೇ ಇಂಧನ ತುಂಬುವ ಕೊಳವೆಯ ಜೋಡಣೆಯ ಕೆಳಗೆ ಸ್ಟೇನ್‌ಲೆಸ್ ತಟ್ಟೆ ಇರುತ್ತದೆ, ಹಡಗಿನ ಪಕ್ಕೆಯ ಮೇಲೆ ನೀರು ಹರಿಯುತ್ತಿರುತ್ತದೆ. ಅಲ್ಲಿ ನೀರು ರಕ್ಷಕ. ಅದೇ ನೀರನ್ನು ಚೆಲ್ಲಿ ನಿಂತ ದ್ರವಕ್ಕೆ ಹೊಡೆದರೆ ಅದು ಇನ್ನೂ ಜೋರಾಗಿ ಆವಿಯಾಗುತ್ತದೆ. ಬೆಂಕಿ ಹತ್ತಿದ್ದರೆ ಭುಗಿಲೇಳುತ್ತದೆ. ಆ ಬೆಂಕಿಯನ್ನು ಆರಿಸಲು ಒಣ ರಾಸಾಯನಿಕ ಪುಡಿ ಬೇಕು. ಸೋರಿಕೆಯಾದಾಗ ಕಾಣುವ ಬಿಳಿ ಮೋಡವನ್ನೂ ನಂಬಬೇಡಿ. ಅದು ಗಾಳಿಯ ತೇವ. ಈ ಇಂಧನದ ಮುಖ್ಯ ಅನಿಲವಾದ, ಕಣ್ಣಿಗೆ ಕಾಣದ, ವಾಸನೆಯೂ ಇಲ್ಲದ ಮೀಥೇನ್ ಆ ಮೋಡದಾಚೆಗೂ ಹರಡಿರಬಹುದು. ಗಾಳಿಯಲ್ಲಿ ಶೇಕಡಾ 5ರಿಂದ 15ರಷ್ಟಿದ್ದರೆ ಒಂದು ಕಿಡಿ ಸಾಕು.

ನಾವಿಕರ ತರಬೇತಿ, ಪ್ರಮಾಣಪತ್ರಗಳ ಕುರಿತ ಅಂತರರಾಷ್ಟ್ರೀಯ ಎಸ್‌ಟಿಸಿಡಬ್ಲ್ಯು ಒಪ್ಪಂದದಂತೆ ಈ ಹಡಗುಗಳ ತರಬೇತಿ ಎರಡು ಹಂತದ್ದು. ಇಂಧನಕ್ಕೆ ಸಂಬಂಧಿಸಿದ ಸುರಕ್ಷತಾ ಕೆಲಸ ವಹಿಸಿಕೊಂಡ ನಾವಿಕರಿಗೆ ಬೇಸಿಕ್. ಕ್ಯಾಪ್ಟನ್, ಎಂಜಿನಿಯರ್ ಅಧಿಕಾರಿಗಳು ಮತ್ತು ಇಂಧನದ ನೇರ ಹೊಣೆ ಹೊತ್ತವರಿಗೆ ಅಡ್ವಾನ್ಸ್‌ಡ್. ಎರಡನೆಯದಕ್ಕೆ ತರಗತಿಯಷ್ಟೇ ಸಾಲದು: ಕನಿಷ್ಠ ಒಂದು ತಿಂಗಳ ಸಮುದ್ರ ಸೇವೆ, ಮೂರು ಬಾರಿ ಇಂಧನ ತುಂಬಿಸಿದ ಅನುಭವ ಬೇಕು. ಆ ಮೂರರಲ್ಲಿ ಎರಡನ್ನು ಸಿಮ್ಯುಲೇಟರ್‌ನಲ್ಲಿ ಮುಗಿಸಲು ಅವಕಾಶವಿದೆ. ನನಗೇನೋ ಈ ರಿಯಾಯಿತಿ ತುಸು ಧಾರಾಳವೆನಿಸುತ್ತದೆ. ಹಿಮಗಟ್ಟಿದ ಕೊಳವೆಯ ಪಕ್ಕ ದಪ್ಪ ಕೈಗವಸು ತೊಟ್ಟು ವಾಲ್ವ್ ತಿರುಗಿಸುವ ಕಷ್ಟ ಪರದೆಯ ಮುಂದೆ ಕುಳಿತರೆ ತಿಳಿಯುವುದಿಲ್ಲ. ದ್ರವರೂಪದ ಅನಿಲ ಸಾಗಿಸುವ ಗ್ಯಾಸ್ ಟ್ಯಾಂಕರ್ ಹಡಗಿನ ಪ್ರಮಾಣಪತ್ರ ಇದ್ದವರು ಬೇಸಿಕ್ ಹಂತವನ್ನು ಮತ್ತೆ ಕಲಿಯಬೇಕಿಲ್ಲ.

ಶುಲ್ಕ ಕಟ್ಟುವ ಮುನ್ನ ಸಂಸ್ಥೆಗೆ ನೌಕಾಯಾನ ಮಹಾನಿರ್ದೇಶನಾಲಯದ ಮಾನ್ಯತೆ ಇದೆಯೇ ನೋಡಿಕೊಳ್ಳಿ. ಪ್ರಮಾಣಪತ್ರ ಕೈಯಲ್ಲಿದ್ದರೂ ಪ್ರತಿ ಹೊಸ ಹಡಗಿನಲ್ಲಿ ಕೆಲಸಕ್ಕೆ ಇಳಿಯುವ ಮೊದಲು ಆ ಹಡಗಿನ ಉಪಕರಣಗಳ ಪರಿಚಯ ಮಾಡಿಕೊಡಲೇಬೇಕು. ತುರ್ತಾಗಿ ಇಂಧನ ನಿಲ್ಲಿಸುವ ಗುಂಡಿ ಎಲ್ಲಿದೆ ಎಂದು ಯಾರೂ ತೋರಿಸದಿದ್ದರೆ ನೀವೇ ಕೇಳಿ.

ನಮಸ್ಕಾರ.