ವೈಟ್ನರ್ ಬಳಿದ ಹಾಳೆಗಳು: ಮಲಾವಿಯ 2020

ಎಲ್ಲರಿಗೂ ನಮಸ್ಕಾರ.

ವೈಟ್ನರ್ ಗೊತ್ತಲ್ವಾ? ಬರೆದದ್ದು ತಪ್ಪಾದರೆ ಮೇಲೆ ಬಳಿದು, ಉಫ್ ಅಂತ ಊದಿ, ಒಣಗಿದ ಮೇಲೆ ಮತ್ತೆ ಬರೆಯುವ ಬಿಳಿ ಬಣ್ಣ. ಬ್ಯಾಂಕಿನ ಚೆಕ್ಕಿಗೆ ಅದನ್ನು ಹಚ್ಚಿಕೊಂಡು ಹೋದರೆ ಕೌಂಟರಿನಲ್ಲೇ ವಾಪಸ್ ಕೊಡುತ್ತಾರೆ. ಆಫ್ರಿಕಾದ ಮಲಾವಿ ಅನ್ನುವ ದೇಶದಲ್ಲಿ ಆ ಬಣ್ಣ ಮತ ಎಣಿಕೆಯ ಹಾಳೆಗಳ ಮೇಲೆ ಬಿದ್ದಿತ್ತು. ಅಲ್ಲಿಯ ಜನ ಅದನ್ನು ಟಿಪ್ಪೆಕ್ಸ್ ಅನ್ನುತ್ತಾರೆ. 2019ರ ಚುನಾವಣೆಗೆ ಕೊನೆಗೆ ಟಿಪ್ಪೆಕ್ಸ್ ಚುನಾವಣೆ ಅಂತಲೇ ಹೆಸರಾಯಿತು.

ನಾನು ಹೇಳಬೇಕೆಂದಿರುವುದು ಅದರ ಮರುವರ್ಷ, 2020ರ ಕತೆ. ಆದರೆ ಹಿಂದಿನ ಮೇ ತಿಂಗಳನ್ನು ಬಿಟ್ಟು ಅದು ಅರ್ಥವಾಗುವುದಿಲ್ಲ. 2019ರ ಮೇ 21ರಂದು ಮತದಾನ. ಪೀಟರ್ ಮುಥಾರಿಕಾ ಮತ್ತೆ ಅಧ್ಯಕ್ಷರಾದರು ಅಂತ ಚುನಾವಣಾ ಆಯೋಗ ಘೋಷಿಸಿತು. ಅವರಿಗೆ ಬಂದದ್ದು ನೂರಕ್ಕೆ 38.57 ಮತ. ಎರಡನೆಯವರು ಲಜಾರಸ್ ಚಕ್ವೇರಾ, 35.41. ಅಂತರ ಒಂದೂವರೆ ಲಕ್ಷದ ಮೇಲೆ. ಮೂರನೆಯವರು ಸೌಲೋಸ್ ಚಿಲಿಮಾ, 20.24. ಈ ಚಿಲಿಮಾ ಯಾರು ಅಂದರೆ, ಮುಥಾರಿಕಾ ಅವರ ಉಪಾಧ್ಯಕ್ಷರೇ! ಜಗಳವಾಡಿ ಹೊರಬಂದು ಬೇರೆ ಪಕ್ಷ ಕಟ್ಟಿದ್ದರು.

ಚುನಾವಣೆ ಚೆನ್ನಾಗಿ ನಡೆಯಿತು ಅಂತ ವಿದೇಶಿ ವೀಕ್ಷಕರು ಹೊಗಳಿ ವಿಮಾನ ಹತ್ತಿದರು. ಊರಿನವರು ಮಾತ್ರ ಬೀದಿಗಿಳಿದರು. ತಿಂಗಳುಗಟ್ಟಲೆ ಮೆರವಣಿಗೆ. ಪೊಲೀಸರು ಅಶ್ರುವಾಯು ಹಾರಿಸಿದರೆ, ಸೇನೆಯವರು ಮೆರವಣಿಗೆಗೆ ಕಾವಲಾಗಿ ಜೊತೆಗೇ ನಡೆದರು. ಆಫ್ರಿಕಾದಲ್ಲಿ ಸೇನೆ ಅಂದ ಕೂಡಲೇ ದಂಗೆಯನ್ನೇ ನೆನೆಯುವ ನಮ್ಮಂಥವರು ಇದನ್ನು ಸ್ವಲ್ಪ ಗಮನಿಸಬೇಕು.

ಚಕ್ವೇರಾ, ಚಿಲಿಮಾ ಇಬ್ಬರೂ ಕೋರ್ಟಿಗೆ ಹೋದರು. ವಿಚಾರಣೆ ರೇಡಿಯೋದಲ್ಲಿ ನೇರವಾಗಿ ಬಂತು. ಹಾಗಾಗಿ ಎಣಿಕೆಯ ಹಾಳೆ, ಸಹಿ, ತಿದ್ದಿದ ಅಂಕಿ, ಇವೆಲ್ಲ ವಕೀಲರಾಚೆಗೂ ಮಾತಿಗೆ ಸಿಕ್ಕವು.

2020ರ ಫೆಬ್ರವರಿ 3. ರಾಜಧಾನಿ ಲಿಲೋಂಗ್ವೆ. ಸಂವಿಧಾನ ಪೀಠದ ಐವರು ನ್ಯಾಯಾಧೀಶರು ಸೇನೆಯ ವಾಹನದಲ್ಲಿ, ಗುಂಡು ನಿರೋಧಕ ಕವಚ ತೊಟ್ಟು ಕೋರ್ಟಿಗೆ ಬಂದರು. ತೀರ್ಪು ಓದಿ ಮುಗಿಸಲು ಸುಮಾರು ಹತ್ತು ಗಂಟೆ ಹಿಡಿಯಿತು. ಚುನಾವಣೆ ರದ್ದು, 150 ದಿನದೊಳಗೆ ಮತ್ತೆ ನಡೆಸಿ. ಗೆದ್ದವರು ಇಂಥವರು ಅಂತ ಅವರು ಹೇಳಲೇ ಇಲ್ಲ. ಈ ಹಾಳೆಗಳನ್ನು ನಂಬಿ ಯಾರು ಗೆದ್ದರು ಅಂತ ಹೇಳಲು ಆಗುವುದಿಲ್ಲ ಅಂದರು, ಅಷ್ಟೇ. ಈ ತೀರ್ಪಿನಿಂದ ಗೆಲುವು ಕಳೆದುಕೊಂಡ ಮುಥಾರಿಕಾ ಸ್ವತಃ ಕಾನೂನು ಪ್ರೊಫೆಸರ್, ಅಮೆರಿಕದಲ್ಲಿ ವರ್ಷಗಟ್ಟಲೆ ಪಾಠ ಹೇಳಿದವರು.

ಎಲ್ಲರೂ ಟಿಪ್ಪೆಕ್ಸ್ ಬಗ್ಗೆಯೇ ಮಾತಾಡುತ್ತಾರೆ. ನನಗೆ ಮಾತ್ರ ಆ ತೀರ್ಪಿನ ಇನ್ನೊಂದು ಭಾಗವೇ ದೊಡ್ಡದು ಅನ್ನಿಸುತ್ತದೆ. ಮಲಾವಿಯ ಸಂವಿಧಾನ ಅಧ್ಯಕ್ಷರಿಗೆ ಬಹುಮತ ಬೇಕು ಅನ್ನುತ್ತದೆ. ಆದರೆ ಅಷ್ಟು ವರ್ಷ ಅದನ್ನು ‘ಉಳಿದವರಿಗಿಂತ ಜಾಸ್ತಿ’ ಅಂತ ಓದಿಕೊಂಡು ಬಂದಿದ್ದರು. 2014ರಲ್ಲಿ ಮುಥಾರಿಕಾ ಗೆದ್ದದ್ದೂ 36.4ರಲ್ಲೇ. ಬಹುಮತ ಅಂದರೆ ಅರ್ಧಕ್ಕಿಂತ ಹೆಚ್ಚು, ಅಂದಿತು ಕೋರ್ಟು. ಒಂದೇ ಪದದ ಅರ್ಥ. ಲೆಕ್ಕವೆಲ್ಲ ತಲೆಕೆಳಗಾಯಿತು.

ಒಬ್ಬೊಬ್ಬರೇ ಯಾರಿಗೂ ಅರ್ಧ ದಾಟುವುದು ಕಷ್ಟ. ಚಕ್ವೇರಾ, ಚಿಲಿಮಾ ಕೈ ಜೋಡಿಸಿದರು. ಕೂಟದ ಹೆಸರು ಟೋನ್ಸೆ. ಚಿಚೇವ ಭಾಷೆಯಲ್ಲಿ ‘ನಾವೆಲ್ಲರೂ’ ಅಂತ. ತಮಾಷೆ ನೋಡಿ: ಚುನಾವಣೆ ರದ್ದಾಗಿ ಹಳೆಯ ಸ್ಥಿತಿಯೇ ಬಂದದ್ದರಿಂದ ಚಿಲಿಮಾ ಮತ್ತೆ ಮುಥಾರಿಕಾ ಅವರ ಉಪಾಧ್ಯಕ್ಷರಾಗಿಬಿಟ್ಟರು. ಆ ಕುರ್ಚಿಯಲ್ಲಿದ್ದುಕೊಂಡೇ ಅವರ ವಿರುದ್ಧ ಪ್ರಚಾರಕ್ಕೆ ಹೊರಟರು.

ಅಷ್ಟರಲ್ಲಿ ಕೊರೊನಾ. ಏಪ್ರಿಲಿನಲ್ಲಿ ಸರ್ಕಾರ ಲಾಕ್‌ಡೌನ್ ಘೋಷಿಸಿತು. ದಿನದ ದುಡಿಮೆಯ ಜನ ಊಟಕ್ಕೇನು ಮಾಡಬೇಕು ಅಂತ ಬೀದಿ ವ್ಯಾಪಾರಿಗಳು ಪ್ರತಿಭಟಿಸಿದರು. ಹೈಕೋರ್ಟ್ ಆ ಲಾಕ್‌ಡೌನನ್ನೂ ತಡೆಯಿತು. ಮೇ 8ರಂದು ಸುಪ್ರೀಂ ಕೋರ್ಟ್ ಫೆಬ್ರವರಿಯ ತೀರ್ಪನ್ನು ಎತ್ತಿಹಿಡಿಯಿತು. ಆಯೋಗದ ಮುಖ್ಯಸ್ಥೆ ಜೇನ್ ಅನ್ಸಾ, ಅವರೂ ನ್ಯಾಯಾಧೀಶರೇ, ರಾಜೀನಾಮೆ ಕೊಟ್ಟರು.

ಜೂನ್ 12ರಂದು ಸರ್ಕಾರದ ಒಂದು ಪ್ರಕಟಣೆ ಬಂತು. ಮುಖ್ಯ ನ್ಯಾಯಮೂರ್ತಿ ಆಂಡ್ರ್ಯೂ ನ್ಯಿರೆಂಡ ನಿವೃತ್ತಿಗೆ ಮುಂಚಿನ ರಜೆಯ ಮೇಲೆ ಕೂಡಲೇ ಹೋಗುತ್ತಾರಂತೆ. ಚುನಾವಣೆಗೆ ಹನ್ನೊಂದೇ ದಿನ ಇರುವಾಗ! ಕಪ್ಪು ಕೋಟು ತೊಟ್ಟು ವಕೀಲರು ಮೆರವಣಿಗೆ ಹೊರಟರು. ಪ್ರಕಟಣೆಗೂ ಕೋರ್ಟಿನ ತಡೆ ಬಿತ್ತು.

ಜೂನ್ 23ರಂದು ಮತದಾನ. ವಿಮಾನಗಳು ನಿಂತಿದ್ದವು, ಹೊಗಳಲು ಬರುವ ವಿದೇಶಿ ವೀಕ್ಷಕರು ಬಹುತೇಕ ಇರಲಿಲ್ಲ. ತಮ್ಮ ಚುನಾವಣೆಯನ್ನು ತಾವೇ ನಡೆಸಿ, ತಾವೇ ಕಾದರು. ಚಕ್ವೇರಾಗೆ ನೂರಕ್ಕೆ 58ರ ಮೇಲೆ ಮತ ಬಂತು. ಜೂನ್ 28ರಂದು ಪ್ರಮಾಣವಚನ. 2017ರಲ್ಲಿ ಕೀನ್ಯಾದ ಕೋರ್ಟೂ ಚುನಾವಣೆ ರದ್ದು ಮಾಡಿತ್ತು, ಆದರೆ ಅಲ್ಲಿ ಎದುರಾಳಿ ಕಣದಿಂದ ಹಿಂದೆ ಸರಿದು ಹಳಬರೇ ಉಳಿದರು. ರದ್ದಾಗಿ ಮತ್ತೆ ನಡೆದ ಚುನಾವಣೆಯಲ್ಲಿ ವಿರೋಧ ಪಕ್ಷ ಗೆದ್ದದ್ದು ಆಫ್ರಿಕಾದಲ್ಲಿ ಅದೇ ಮೊದಲು. ಆ ಐವರು ನ್ಯಾಯಾಧೀಶರಿಗೆ ಅದೇ ವರ್ಷ ಚಾಟಮ್ ಹೌಸ್ ಅನ್ನುವ ಲಂಡನ್ನಿನ ಅಧ್ಯಯನ ಸಂಸ್ಥೆ ತನ್ನ ಪ್ರಶಸ್ತಿ ಕೊಟ್ಟಿತು.

ಇಲ್ಲಿಗೇ ನಿಲ್ಲಿಸಿದರೆ ಸುಖಾಂತ್ಯ. ಆದರೆ ಮೆಕ್ಕೆಜೋಳದ ಹಿಟ್ಟು, ಪೆಟ್ರೋಲು, ಡಾಲರು ಯಾವ ತೀರ್ಪಿಗೂ ಬಗ್ಗುವುದಿಲ್ಲ. ಬೆಲೆ ಏರಿತು, ಬಂಕುಗಳ ಮುಂದೆ ಸಾಲು ಬೆಳೆಯಿತು. 2024ರ ಜೂನ್‌ನಲ್ಲಿ ಚಿಲಿಮಾ ವಿಮಾನ ದುರಂತದಲ್ಲಿ ತೀರಿಕೊಂಡರು. 2025ರ ಸೆಪ್ಟೆಂಬರಿನಲ್ಲಿ ಮತ್ತೆ ಚುನಾವಣೆ. ಈ ಸಲ 85 ವರ್ಷದ ಮುಥಾರಿಕಾ ಅದೇ ಅರ್ಧದ ಗೆರೆಯನ್ನು ಆರಾಮಾಗಿ ದಾಟಿದರು. ಚಕ್ವೇರಾ ಸೋಲೊಪ್ಪಿಕೊಂಡರು. ಹೊಸ ಉಪಾಧ್ಯಕ್ಷೆ ಯಾರು ಗೊತ್ತಾ? ಟಿಪ್ಪೆಕ್ಸ್ ಕಾಲದ ಆಯೋಗದ ಮುಖ್ಯಸ್ಥೆ, ಅದೇ ಜೇನ್ ಅನ್ಸಾ.