ಎಲ್‌ಎಂ386ರ ಗೇನ್ ಹೆಚ್ಚಿಸಿದರೆ ಸದ್ದು ಹೆಚ್ಚುತ್ತದೆಯೇ?

ನಮಸ್ಕಾರ. ಬದಿಯಡ್ಕ ಕಡೆಯ ವೀಕ್ಷಕರೊಬ್ಬರ ಪ್ರಶ್ನೆ ಇದು: ಆಟಿಯ ಮಳೆ ತಗಡಿನ ಮಾಡಿಗೆ ಹೊಡೆಯುವಾಗ ಹ್ಯಾಮ್ ರೇಡಿಯೋ ಕಿಟ್‌ನ ಸ್ಪೀಕರ್ ಕೇಳಿಸುವುದೇ ಇಲ್ಲ, ಆಡಿಯೋ ಆಂಪ್ಲಿಫೈಯರ್‌ನ ಗೇನ್, ಅಂದರೆ ಅದು ಸಿಗ್ನಲನ್ನು ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಎಂಬುದನ್ನು, ಏರಿಸಬಹುದೇ?

ಹೈದರಾಬಾದಿನ ಅಷ್ಹರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್40 ಸೇರಿದಂತೆ ಅನೇಕ ಕಿಟ್‌ಗಳಲ್ಲಿ ಸ್ಪೀಕರನ್ನು ನಡೆಸುವುದು ಎಲ್‌ಎಂ386 ಎಂಬ ಎಂಟು ಪಿನ್ನಿನ ಐಸಿ.

[ತೆರೆಯಲ್ಲಿ: ಐಸಿಯ ಒಳಗಿನ ಸರ್ಕ್ಯೂಟ್]

ಇದರೊಳಗಿನ ಮೂರು ರೆಸಿಸ್ಟರ್‌ಗಳನ್ನು ಗಮನಿಸಿ: 15,000, 150 ಮತ್ತು 1,350 ಓಮ್. ಮೊದಲನೆಯದರ ಎರಡರಷ್ಟನ್ನು, ಅಂದರೆ 30,000ವನ್ನು, ಉಳಿದೆರಡರ ಮೊತ್ತವಾದ 1,500ರಿಂದ ಭಾಗಿಸಿದರೆ 20 ಬರುತ್ತದೆ. ಅದೇ ಇದರ ಸಹಜ ಗೇನ್. 1 ಮತ್ತು 8ನೇ ಪಿನ್‌ಗಳ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೊಡನೆ ಧ್ವನಿಯ ಸಿಗ್ನಲ್ 1,350 ಓಮನ್ನು ಬಿಟ್ಟು ಕೆಪಾಸಿಟರ್ ಮೂಲಕ ಹೋಗುತ್ತದೆ, 30,000ವನ್ನು ಭಾಗಿಸಲು ಉಳಿಯುವುದು 150 ಮಾತ್ರ, ಗೇನ್ 200ಕ್ಕೇರುತ್ತದೆ. ಕೆಪಾಸಿಟರ್ ಡಿಸಿಯನ್ನು ಬಿಡುವುದಿಲ್ಲವಾದ್ದರಿಂದ ಔಟ್‌ಪುಟ್ ಪಿನ್ ಮೊದಲಿನಂತೆಯೇ ಸಪ್ಲೈಯ ಅರ್ಧ ವೋಲ್ಟೇಜಿನಲ್ಲಿ ನಿಲ್ಲುತ್ತದೆ. ಒಂದೇ ಬಿಡಿಭಾಗದಿಂದ ಹತ್ತುಪಟ್ಟು ಗೇನ್ ಕೊಡುವ ಈ ವಿನ್ಯಾಸದ ಅಚ್ಚುಕಟ್ಟುತನ ನನಗೆ ಬಹಳ ಇಷ್ಟ. ಕೆಪಾಸಿಟರ್‌ನೊಂದಿಗೆ 470 ಓಮ್ ರೆಸಿಸ್ಟರನ್ನು ಸರಣಿಯಲ್ಲಿಟ್ಟರೆ ಅದೇ ಲೆಕ್ಕದಂತೆ ಗೇನ್ ಸುಮಾರು 60 ಆಗುತ್ತದೆ. ನನ್ನ ಆಯ್ಕೆ ಇದೇ.

ಆದರೆ ಗೇನ್ ಬೇರೆ, ಪವರ್ ಬೇರೆ. 9 ವೋಲ್ಟ್ ಸಪ್ಲೈಯಲ್ಲಿ 8 ಓಮ್ ಸ್ಪೀಕರಿಗೆ ಈ ಐಸಿಯಿಂದ ಒಂದು ವಾಟ್ ಕೂಡ ಸಿಗುವುದಿಲ್ಲ. ನಮ್ಮ ಗುಡ್ಡದ ಸುರಂಗದಲ್ಲಿ ನೀರು ಒಸರುವುದು ಇಷ್ಟೇ ಎಂದಿದ್ದರೆ ಪೈಪನ್ನು ಅಗಲ ಮಾಡಿ ಪ್ರಯೋಜನವಿಲ್ಲವಷ್ಟೇ. ಸದ್ದು ಈಗಲೇ ಒಡೆದು ಬರುತ್ತಿದ್ದರೆ ಗೇನ್ ಏರಿಸಿದಾಗ ಇನ್ನಷ್ಟು ಒಡೆಯುತ್ತದೆ. ಆಂಟೆನಾದಿಂದ ಬಂದ ಗೊರಗೊರವೂ ಮಾತಿನಷ್ಟೇ ಪ್ರಮಾಣದಲ್ಲಿ ದೊಡ್ಡದಾಗುತ್ತದೆ. ಆದ್ದರಿಂದ ಮೊದಲು ಹೆಡ್‌ಫೋನ್ ಹಾಕಿ ನೋಡಿ, ಅಥವಾ ಪೆಟ್ಟಿಗೆಯಲ್ಲಿ ಕೂರಿಸಿದ ದೊಡ್ಡ ಸ್ಪೀಕರನ್ನು ಜೋಡಿಸಿ. ಕೆಲವು ಕಿಟ್‌ಗಳಲ್ಲಿ ಆ ಕೆಪಾಸಿಟರ್ ಮೊದಲೇ ಇರುತ್ತದೆ, ಅದನ್ನೂ ಪರೀಕ್ಷಿಸಿ.

ಸಮಯ ಕಡಿಮೆಯಿರುವುದರಿಂದ ಉಳಿದವನ್ನು ಬೇಗನೆ ಹೇಳುತ್ತೇನೆ. ಸಪ್ಲೈಯ ಹಮ್, ಅಂದರೆ ಗುಂಯ್‌ಗುಡುವ ಸದ್ದು, ಕೇಳಿಸುತ್ತಿದ್ದರೆ 7ನೇ ಪಿನ್ನಿನಿಂದ ಗ್ರೌಂಡಿಗೆ 10 ಮೈಕ್ರೋಫ್ಯಾರಡ್ ಹಾಕಿ. ಐಸಿ ತಾನೇ ಆಸಿಲೇಟ್ ಆಗದಂತೆ, ಅಂದರೆ ತಾನಾಗಿಯೇ ಸಿಗ್ನಲ್ ಹುಟ್ಟಿಸದಂತೆ, 5ನೇ ಪಿನ್ನಿನಿಂದ ಗ್ರೌಂಡಿಗೆ 10 ಓಮ್ ಮತ್ತು 0.05 ಮೈಕ್ರೋಫ್ಯಾರಡ್ ಸರಣಿಯಲ್ಲಿರಲಿ. ಐಸಿಯ ಮೇಲಿನ ಬರಹವನ್ನೂ ಓದಿ: ಎನ್-1 ಎಂದಿದ್ದರೆ ಅದು 12 ವೋಲ್ಟಿನವರೆಗೆ ಮಾತ್ರ, ಎನ್-4 ಆದರೆ 18ರವರೆಗೆ. ಚಾರ್ಜರ್‌ಗೆ ಜೋಡಿಸಿದ 12 ವೋಲ್ಟ್ ಬ್ಯಾಟರಿ 13.8 ವೋಲ್ಟಿಗೂ ಏರುತ್ತದೆಯಾದ್ದರಿಂದ, ಎನ್-1 ಇರುವವರು 9 ವೋಲ್ಟಿನ ರೆಗ್ಯುಲೇಟರ್ ಮೂಲಕವೇ ಸಪ್ಲೈ ಕೊಡಬೇಕು.