ಎರಡನೇ ಸಲ ಫೋನ್ ನಿಮಗೇ ಬರಲಿ

ಹಾಸನ ಆಕಾಶವಾಣಿ ಕೇಳುತ್ತಿರುವ ಎಲ್ಲರಿಗೂ ನಮಸ್ಕಾರ. ಅದರಲ್ಲೂ ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ತೋಟದ ಮನೆಯಲ್ಲಿ ಎರಡು ಮೂರು ರೂಮು ಮಾಡಿಕೊಂಡು ಹೋಂಸ್ಟೇ ನಡೆಸುತ್ತಿರುವ ಅಣ್ಣಂದಿರಿಗೆ, ಅಕ್ಕಂದಿರಿಗೆ ಇನ್ನೊಂದು ನಮಸ್ಕಾರ. ಇವತ್ತಿನ ಮಾತು ನಿಮಗೇ. ದೊಡ್ಡ ರೆಸಾರ್ಟಿನವರೂ ಕೇಳಲಿ, ಬೇಡ ಅನ್ನುವುದಿಲ್ಲ.

ಹೋಂಸ್ಟೇಗಳ ಬುಕಿಂಗು, ಲೆಕ್ಕ ಸರಿ ಮಾಡಿಕೊಡುವುದು ನನ್ನ ಕೆಲಸ. ಎಲ್ಲಿ ಹೋದರೂ ಕೇಳುವ ಪ್ರಶ್ನೆ ಒಂದೇ. "ಆಪ್‌ನವರಿಗೆ ಕಮಿಷನ್ ಕೊಟ್ಟು ಕೊಟ್ಟು ಸಾಕಾಯಿತು, ಜನ ನೇರವಾಗಿ ನಮಗೇ ಬುಕ್ ಮಾಡುವ ಹಾಗೆ ಮಾಡೋದು ಹೇಗೆ?" ನನ್ನ ಉತ್ತರವೂ ಒಂದೇ. ಮೊದಲನೇ ಸಲ ಅತಿಥಿ ಆಪ್ ನೋಡಿಕೊಂಡೇ ಬರಲಿ. ಎರಡನೇ ಸಲ ನಿಮಗೆ ಫೋನ್ ಮಾಡಿ ಬರಬೇಕು. ಅದಕ್ಕೆ ಅವರ ನಂಬರ್ ನಿಮ್ಮ ಹತ್ತಿರ ಇರಬೇಕು, ನಿಮ್ಮ ನಂಬರ್ ಅವರ ಫೋನಿನಲ್ಲಿ ಇರಬೇಕು. ಮುಗೀತು.

ಇಷ್ಟೇನಾ ಅಂತೀರಿ. ಸ್ವಲ್ಪ ಲೆಕ್ಕ ಹಾಕೋಣ. ಗಂಡ ಹೆಂಡತಿ ಬಂದು ಎರಡು ರಾತ್ರಿ ಉಳಿದರು. ಊಟ ತಿಂಡಿ ಸೇರಿ 10,000 ರೂಪಾಯಿ ಬಿಲ್ ಆಯಿತು. ಆಪ್‌ನವರು ನೂರಕ್ಕೆ 20 ಹಿಡಿದುಕೊಳ್ಳುತ್ತಾರೆ ಅಂತ ಇಟ್ಟುಕೊಳ್ಳಿ, 2,000 ಹೋಯಿತು. ಆ ಕಮಿಷನ್ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಅದು 360. ಒಟ್ಟು 2,360 ರೂಪಾಯಿ. ನಾಲ್ಕು ಆಳಿನ ದಿನಗೂಲಿ ಆಯಿತಲ್ಲ! ಮೊದಲ ಸಲಕ್ಕೆ ಇದನ್ನು ಕೊಡಿ, ತಪ್ಪಿಲ್ಲ. ಬೆಂಗಳೂರಿನಲ್ಲಿ ಕೂತವರಿಗೆ ನಿಮ್ಮ ಮನೆ ಇಂಥ ಕಡೆ ಇದೆ ಅಂತ ತೋರಿಸಿದ್ದು ಅವರೇ ತಾನೆ. ಆದರೆ ಅದೇ ದಂಪತಿ ಮುಂದಿನ ವರ್ಷ ಮತ್ತೆ ಬರುತ್ತಾರೆ, ಆಗಲೂ 2,360 ಯಾಕೆ ಕೊಡುತ್ತೀರಿ? ನಿಮ್ಮ ಮನೆಯ ಅಕ್ಕಿ ರೊಟ್ಟಿ ನೆನಪಿಟ್ಟುಕೊಂಡು ಬಂದವರಿಗೆ ಕಮಿಷನ್ ಯಾಕೆ?

ಹೀಗೆ ಅಂದರೆ ಎಲ್ಲರೂ ಹೇಳುವುದು, "ಹಳೇ ಅತಿಥಿಗಳ ನಂಬರ್ ಎಲ್ಲಿದೆ ಸಾರ್?" ಎಲ್ಲಿದೆಯಾ? ನಿಮ್ಮ ಜಗಲಿಯ ಮೇಜಿನ ಮೇಲೇ ಇದೆ! ಬಂದವರ ಹೆಸರು, ವಿಳಾಸ, ಫೋನ್ ನಂಬರ್ ಬರೆಸಿಕೊಳ್ಳುವ ರಿಜಿಸ್ಟರ್ ಇದೆಯಲ್ಲ, ಪೊಲೀಸಿನವರು ಬಂದರೆ ತೋರಿಸೋದಕ್ಕೆ ಅಂತ ಇಟ್ಟಿದ್ದೀರಲ್ಲ, ಅದನ್ನು ತೆಗೆದು ನೋಡಿ. ಇಷ್ಟು ವರ್ಷದ ಗಿರಾಕಿಗಳೆಲ್ಲ ಅದರಲ್ಲೇ ಕೂತಿದ್ದಾರೆ. ಬರೆಸಿಕೊಳ್ಳುವಾಗ "ತೋಟದ ಸುದ್ದಿ ಆಗಾಗ ವಾಟ್ಸಾಪಿನಲ್ಲಿ ಕಳಿಸಬಹುದಾ?" ಅಂತ ಒಂದು ಮಾತು ಕೇಳಿ. ಕೇಳದೆ ಕಳಿಸಬೇಡಿ.

ಈಗ ಒಬ್ಬ ಅಕ್ಕನ ವಿಷಯ ಹೇಳಲೇಬೇಕು. ಹೆಸರು ಬೇಡ, ಅವರಿಗೆ ಮುಜುಗರ. ಸಕಲೇಶಪುರದಿಂದ ಬಿಸ್ಲೆ ಕಡೆಗೆ ಹೋಗುವಾಗ ಒಳದಾರಿಯಲ್ಲಿ ಅವರ ಮನೆ. ರೋಬಸ್ಟಾ ಕಾಫಿ ತೋಟ, ಹಳೇ ಹೆಂಚಿನ ಮನೆ, ಹಿಂದುಗಡೆ ಮೂರು ರೂಮು. ವೆಬ್‌ಸೈಟ್ ಇಲ್ಲ. ಗೇಟಿನ ಬೋರ್ಡು ಕೂಡ ಮಳೆಗೆ ಅರ್ಧ ಅಳಿಸಿದೆ. ಆದರೂ ಅವರ ಅತಿಥಿಗಳಲ್ಲಿ ಜಾಸ್ತಿ ಜನ ನೇರ ಫೋನ್ ಮಾಡಿ ಬರುವವರು.

ಹೇಗೆ ಅಂತ ಕೇಳಿದರೆ ಒಳಗಿಂದ ಒಂದು ಉದ್ದನೆಯ ಪುಸ್ತಕ ತಂದು ಮುಂದಿಟ್ಟರು. ತೋಟದವರಿಗೆ ಗೊತ್ತಿರುತ್ತೆ, ಆಳುಗಳ ಹಾಜರಿ ಹಾಕುವ ಚೆಕ್‌ರೋಲ್ ಪುಸ್ತಕ. ಆಳಿನ ಹೆಸರು ಬರೆಯುವ ಜಾಗದಲ್ಲಿ ಅತಿಥಿಯ ಹೆಸರು. ಪಕ್ಕದಲ್ಲಿ ನಂಬರ್. ಹಾಜರಿ ಹಾಕುವ ಚೌಕಗಳಲ್ಲಿ ಪೆನ್ಸಿಲಿನಲ್ಲಿ ಸಣ್ಣ ಸಣ್ಣ ಅಕ್ಷರ. "ಅಜ್ಜಿಗೆ ಮಂಡಿ ನೋವು, ಕೆಳಗಿನ ರೂಮು." "ಮಗುವಿಗೆ ಕಡಲೆಬೀಜ ಆಗಲ್ಲ." "ಕಡುಬು ಎರಡು ಸಲ ಹಾಕಿಸಿಕೊಂಡರು." "ಹಕ್ಕಿ ಫೋಟೋದವರು, ಬೆಳಿಗ್ಗೆ ಐದಕ್ಕೆ ಕಾಫಿ." "ಹೂ ನೋಡಬೇಕು ಅಂದಿದ್ದರು, ತಪ್ಪಿಹೋಯಿತು."

ಆ ಕೊನೆಯದರ ಮೇಲೆ ಬೆರಳಿಟ್ಟು ಅಕ್ಕ ಹೇಳಿದರು, "ಇದೇ ನೋಡಿ ನನ್ನ ವ್ಯಾಪಾರ." ಫೆಬ್ರವರಿ ಕಳೆದು ಕಾಫಿ ಗಿಡ ಹೂ ಬಿಡಿಸುವ ಹೂಮಳೆ ಬೀಳುತ್ತಲ್ಲ, ಬಿದ್ದ ಮಾರನೇ ದಿನ ಅಕ್ಕ ಪುಸ್ತಕ ಹಿಡಿದು ಕೂರುತ್ತಾರೆ. ಹೂ ಅಂತ ಬರೆದುಕೊಂಡ ನಂಬರುಗಳಿಗೆಲ್ಲ ಒಂದು ಸಂದೇಶ. "ನಿನ್ನೆ ಮಳೆ ಬಂತು. ಇನ್ನೊಂದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತೆ. ಮೂರು ನಾಲ್ಕು ದಿನ ಇರುತ್ತೆ ಅಷ್ಟೇ. ಬರುವುದಾದರೆ ಹೇಳಿ." ಅದರ ಜೊತೆಗೆ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ, ಗಿಡದಲ್ಲಿ ಮೊಗ್ಗು ಇನ್ನೂ ಹಸಿರಾಗಿರುವುದು. ಸಂಜೆಯೊಳಗೆ ಮೂರು ರೂಮೂ ಭರ್ತಿ.

ಯಾವ ಆಪ್ ಹೇಳುತ್ತೆ ಇದನ್ನು? ನಿಮ್ಮ ತೋಟಕ್ಕೆ ನಿನ್ನೆ ಮಳೆ ಬಂತು ಅಂತ ಗೊತ್ತಿರುವುದು ನಿಮಗೆ, ನಿಮ್ಮ ಅಕ್ಕಪಕ್ಕದವರಿಗೆ. ಬೆಂಗಳೂರಿನವರಿಗೆ ಬೇಕಾಗಿರುವುದೂ ಅದೇ ಸುದ್ದಿ. ಮಳೆಗಾಲಕ್ಕೆ ಅಕ್ಕ ಇನ್ನೊಂದು ಸಂದೇಶ ಕಳಿಸುತ್ತಾರೆ, "ಕಳಲೆ ಬಂದಿದೆ, ಮರಕೆಸುವೂ ಬಂದಿದೆ, ಪತ್ರೊಡೆ ಮಾಡುತ್ತೇನೆ." ಜುಲೈನಲ್ಲಿ ಜಿಗಣೆ ಕಡಿಸಿಕೊಂಡು ಯಾರು ಬರುತ್ತಾರೆ ಅಂತ ನಾನೂ ಅಂದುಕೊಂಡಿದ್ದೆ. ಪತ್ರೊಡೆಗೆ ಬರುತ್ತಾರೆ ಸ್ವಾಮಿ! ಡಿಸೆಂಬರಿನಲ್ಲಿ ಹಣ್ಣು ಕುಯ್ಲು, ಕಣದಲ್ಲಿ ಕಾಫಿ ಒಣಗಿಸುವ ಫೋಟೋ. ವರ್ಷಕ್ಕೆ ಮೂರು ನಾಲ್ಕು ಸಲ, ಅಷ್ಟೇ. ದಿನಾ ಗುಡ್ ಮಾರ್ನಿಂಗ್ ಗುಲಾಬಿ ಕಳಿಸುವವರೂ ಇದ್ದಾರೆ, ದಯವಿಟ್ಟು ನಿಲ್ಲಿಸಿ. ಅತಿಥಿ ನಿಮ್ಮನ್ನು ಬ್ಲಾಕ್ ಮಾಡಿದರೆ ಆ ನಂಬರ್ ಇದ್ದೂ ಇಲ್ಲದ ಹಾಗೆ.

ಅಕ್ಕನ ವಿಷಯದಲ್ಲೇ ಅರ್ಧ ಸಮಯ ಹೋಯಿತು. ಇರಲಿ, ಉಳಿದದ್ದನ್ನು ಬೇಗ ಹೇಳುತ್ತೇನೆ.

ವಾಟ್ಸಾಪ್ ಬಿಸಿನೆಸ್ ಅಂತ ಒಂದು ಆಪ್ ಇದೆ, ದುಡ್ಡು ಕೊಡಬೇಕಾಗಿಲ್ಲ, ಹಾಕಿಕೊಳ್ಳಿ. ಅದರಲ್ಲಿ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿದರೆ ಒಂದು ಲಿಸ್ಟಿನಲ್ಲಿ 256 ಜನರವರೆಗೆ ಒಟ್ಟಿಗೆ ಸಂದೇಶ ಹೋಗುತ್ತೆ, ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಆದರೆ ಒಂದು ಗುಟ್ಟು ಇದೆ, ಬಹಳ ಜನಕ್ಕೆ ಇದು ಗೊತ್ತಿಲ್ಲ. ನಿಮ್ಮ ನಂಬರನ್ನು ಅವರು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡಿದ್ದರೆ ಮಾತ್ರ ಆ ಸಂದೇಶ ಅವರಿಗೆ ತಲುಪುತ್ತೆ! ಅದಕ್ಕೇ ಹೇಳಿದ್ದು, ಅವರ ನಂಬರ್ ನಿಮ್ಮ ಹತ್ತಿರ ಇದ್ದರೆ ಸಾಲದು, ನಿಮ್ಮದು ಅವರ ಹತ್ತಿರ ಇರಬೇಕು. ಹೊರಡುವಾಗ ಕಾರಿನ ಹತ್ತಿರ ನಿಂತು, "ಮನೆ ತಲುಪಿ ಒಂದು ಮೆಸೇಜ್ ಹಾಕಿ, ನಮ್ಮ ನಂಬರ್ ಸೇವ್ ಮಾಡಿಕೊಳ್ಳಿ" ಅನ್ನಿ. ನಿಮ್ಮದೇ ತೋಟದ ಕಾಫಿಪುಡಿ ಕಾಲು ಕೆಜಿ ಕೈಗೆ ಕೊಡಿ, ಪೊಟ್ಟಣದ ಮೇಲೆ ನಂಬರ್ ದಪ್ಪಗೆ ಬರೆದಿರಲಿ.

ನೇರ ಬಂದವರಿಗೆ ರೇಟು ಕಡಿಮೆ ಮಾಡಬೇಕಾ? ಬೇಡ. ಚೌಕಾಸಿ ಶುರುವಾದರೆ ನಿಲ್ಲುವುದಿಲ್ಲ. ಬದಲಿಗೆ, ಹೊರಡುವ ದಿನದ ಮಧ್ಯಾಹ್ನದ ಊಟ ಹಾಕಿ ಕಳಿಸಿ. ಇನ್ನೊಂದು ವಿಷಯ ಕಟ್ಟುನಿಟ್ಟಾಗಿ ಹೇಳುತ್ತೇನೆ. ಆಪ್‌ನಲ್ಲಿ ಆಗಲೇ ಬುಕ್ ಮಾಡಿದವರಿಗೆ ಫೋನ್ ಮಾಡಿ, "ಅದನ್ನು ಕ್ಯಾನ್ಸಲ್ ಮಾಡಿ, ನಮಗೇ ದುಡ್ಡು ಕೊಡಿ" ಅನ್ನುವುದು ಇದೆಯಲ್ಲ, ಅದು ಮೋಸ. ಸಿಕ್ಕಿಬಿದ್ದರೆ ನಿಮ್ಮ ಖಾತೆ ಮುಚ್ಚುತ್ತಾರೆ. ನಾನು ಹೇಳುತ್ತಿರುವುದು ಎರಡನೇ ಸಲದ ಮಾತು.

ಆಮೇಲೆ ಫೋನ್ ಎತ್ತಿ! ವೆಬ್‌ಸೈಟಿಗೆ ನಲವತ್ತು ಐವತ್ತು ಸಾವಿರ ಸುರಿದು ಫೋನ್ ಎತ್ತದವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರು. ಸಿಗ್ನಲ್ ಇಲ್ಲ ಅಂತೀರಿ, ಒಪ್ಪಿದೆ. ಗುಡ್ಡದ ಮೇಲೆ ಹೋದರೆ ಮಾತ್ರ ಸಿಗುತ್ತೆ ಅಂತೀರಿ. ಸರಿ, ಹಾಸನದಲ್ಲೋ ಬೆಂಗಳೂರಿನಲ್ಲೋ ಓದುವ ಮಗಳಿದ್ದಾಳಲ್ಲ, ಫೋನ್ ಅವಳಿಗೆ ಹೋಗುವ ಹಾಗೆ ಮಾಡಿ. ಶುಕ್ರವಾರ ಸಂಜೆ ಕರೆ ಮಾಡಿದವರು ಶನಿವಾರದವರೆಗೆ ಕಾಯುವುದಿಲ್ಲ.

ಗೂಗಲ್ ಮ್ಯಾಪಿನಲ್ಲಿ ನಿಮ್ಮ ಮನೆ ಇದೆಯಾ ನೋಡಿ. ಇದ್ದರೆ ಅದರ ಯಜಮಾನರು ನೀವೇ ಅಂತ ನೋಂದಾಯಿಸಿಕೊಳ್ಳಿ, ಅದಕ್ಕೂ ದುಡ್ಡಿಲ್ಲ. ಅಲ್ಲಿರುವ ಫೋನ್ ನಂಬರನ್ನು ಬದಲಾಯಿಸಿ ಅಂತ ಯಾರು ಬೇಕಾದರೂ ಸೂಚಿಸಬಹುದು. ಕಳ್ಳರು ತಮ್ಮ ನಂಬರ್ ಹಾಕಿಸಿ ನಿಮ್ಮ ಹೆಸರಿನಲ್ಲಿ ಅಡ್ವಾನ್ಸ್ ಹೊಡೆಯುವುದುಂಟು. ಅದಕ್ಕೆ ತಿಂಗಳಿಗೊಮ್ಮೆಯಾದರೂ ನಿಮ್ಮದೇ ನಂಬರ್ ಇದೆಯಾ ಅಂತ ತೆಗೆದು ನೋಡಿ.

ಅಡ್ವಾನ್ಸ್ ಅಂದಾಗ ನೆನಪಾಯಿತು. ಹೊಸಬರು ನಿಮಗೆ ಯುಪಿಐನಲ್ಲಿ ದುಡ್ಡು ಹಾಕಲು ಹೆದರುತ್ತಾರೆ, ಅವರ ತಪ್ಪಲ್ಲ. ಹೋಂಸ್ಟೇ ಹೆಸರು ಒಂದು, ದುಡ್ಡು ಹಾಕುವಾಗ ಕಾಣುವ ಹೆಸರು ನಿಮ್ಮ ಭಾವಮೈದುನನದ್ದು ಅಂತಾದರೆ ಯಾರು ತಾನೆ ಹಾಕುತ್ತಾರೆ? ಬ್ಯಾಂಕಿಗೆ ಹೋಗಿ ಹೋಂಸ್ಟೇ ಹೆಸರಿನಲ್ಲೇ ಒಂದು ಚಾಲ್ತಿ ಖಾತೆ ಮಾಡಿಸಿ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಪತ್ರದ ಫೋಟೋ ಕಳಿಸಿ. ಅನುಮಾನ ಇನ್ನೂ ಉಳಿದರೆ ವಿಡಿಯೋ ಕಾಲ್ ಮಾಡಿ ರೂಮು ತೋರಿಸಿ, ಹಂಡೆ ಒಲೆ ತೋರಿಸಿ. ಯಾರಾದರೂ ನಿಮ್ಮ ಹೆಸರಿನಲ್ಲಿ ಮೋಸ ಮಾಡಿದ್ದು ಗೊತ್ತಾದರೆ ಕೂಡಲೇ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.

ವಿದೇಶಿ ಅತಿಥಿಗಳು ಬಂದರೆ 24 ಗಂಟೆಯೊಳಗೆ ಅವರ ವಿವರದ ಸರ್ಕಾರಿ ಫಾರ್ಮ್ ಆನ್‌ಲೈನಿನಲ್ಲಿ ತುಂಬಬೇಕು. ನೇರವಾಗಿ ಬಂದರೂ, ಆಪ್‌ನಿಂದ ಬಂದರೂ ಅದು ನಿಮ್ಮ ಜವಾಬ್ದಾರಿಯೇ. ಇದನ್ನು ವಿವರವಾಗಿ ಹೇಳುವಷ್ಟು ಹೊತ್ತು ಈಗಿಲ್ಲ, ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ.

ರೇಡಿಯೋ ಆರಿಸಿದ ಮೇಲೆ ರಿಜಿಸ್ಟರ್ ತೆಗೆಯಿರಿ. ಹೋದ ವರ್ಷ ಬಂದವರಲ್ಲಿ ಖುಷಿಯಾಗಿ ಹೋದವರು ಯಾರು ಅಂತ ನಿಮಗೇ ನೆನಪಿರುತ್ತೆ. ಅಂಥವರು ಹತ್ತು ಜನಕ್ಕೆ ಇವತ್ತೇ ಫೋನ್ ಮಾಡಿ. ಬುಕಿಂಗ್ ಕೇಳಬೇಡಿ. ಸುಮ್ನೆ ಹೇಗಿದ್ದೀರಿ ಅಂತ ಕೇಳಿ, ತೋಟದಲ್ಲಿ ಈಗ ಏನಿದೆ ಹೇಳಿ. ನಮಸ್ಕಾರ.